ಕಣ್ಣು ಗೋಡೆ ಮೇಲೆ, ನೆನಪು ಪೆಟ್ಟಿಗೆಯಲ್ಲಿ

ಮಕ್ಕಳೇ, ಇಂಡಿಗೋ ಸಿಂದಗಿಗೋ ಹೋದಾಗ ಯಾವುದಾದರೂ ಬ್ಯಾಂಕಿನ ಬಾಗಿಲ ಮೇಲೊಮ್ಮೆ ಕತ್ತೆತ್ತಿ ನೋಡಿ. ಗೋಡೆಗೆ ಅಂಟಿಕೊಂಡ ಬಿಳಿ ಡಬ್ಬಿ, ಅದರ ಮೂತಿಗೆ ಗುಂಡನೆಯ ಗಾಜು. ಅದೇ ಸಿಸಿಟಿವಿ ಕ್ಯಾಮೆರಾ.

ಆ ಗಾಜಿನ ಹಿಂದೆ ಉಗುರಿಗಿಂತ ಚಿಕ್ಕದೊಂದು ಬಿಲ್ಲೆ ಇದೆ. ಅದರ ತುಂಬ ಲಕ್ಷಗಟ್ಟಲೆ ಪುಟಾಣಿ ಚೌಕಗಳು. ತನ್ನ ಮೇಲೆ ಎಷ್ಟು ಬೆಳಕು ಬಿತ್ತೆಂದು ಪ್ರತಿ ಚೌಕವೂ ಅಳೆದು ಹೇಳುತ್ತದೆ. ಎಲ್ಲ ಚೌಕಗಳ ಲೆಕ್ಕ ಸೇರಿದರೆ ಒಂದು ಚಿತ್ರ. ನೀವು ‘ಬಸವನ ಬಾಗೇವಾಡಿ’ ಅನ್ನುವಷ್ಟರಲ್ಲಿ ಇಂಥ 15–20 ಚಿತ್ರ ತಯಾರು!

ಕತ್ತಲಲ್ಲಿ ಏನು ಮಾಡುತ್ತದೆ? ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ತಾನೇ ಚೆಲ್ಲುತ್ತದೆ. ನಂಬಿಕೆ ಬಾರದಿದ್ದರೆ ಟಿವಿ ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಇಲ್ಲ. ಬಹಳಷ್ಟು ಮೊಬೈಲ್ ಪರದೆಗಳಲ್ಲಿ ನೇರಳೆ ಮಿಣುಕು! ಈ ಬೆಳಕಲ್ಲಿ ಬಣ್ಣ ತಿಳಿಯದು. ಕಪ್ಪು ಅಂಗಿಯೂ ಬೆಳ್ಳಗೆ ಕಂಡೀತು. ಹಾಗಾಗಿ ರಾತ್ರಿಯ ದೃಶ್ಯ ನೋಡಿ ‘ಕಳ್ಳ ಬಿಳಿ ಅಂಗಿಯವನು’ ಎಂದುಬಿಡುವ ಹಾಗಿಲ್ಲ.

ಈಗ ನನಗೆ ಬಲು ಇಷ್ಟವಾದ ಸಂಗತಿಗೆ ಬರೋಣ. ಕಂಡದ್ದನ್ನು ನೆನಪಿಡುವುದು ಸಾಮಾನ್ಯವಾಗಿ ಕ್ಯಾಮೆರಾ ಅಲ್ಲ. ತಂತಿಯ ಆ ತುದಿಯಲ್ಲಿ, ಒಳಕೋಣೆಯಲ್ಲಿ ಕೂತ ಪೆಟ್ಟಿಗೆ. ಇದು ಕಳ್ಳರಿಗೂ ಗೊತ್ತು! 2025ರ ಮೇ ತಿಂಗಳಲ್ಲಿ, ವಾರದ ಕೊನೆಯ ರಜೆ ನೋಡಿಕೊಂಡು, ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯ ಕೆನರಾ ಬ್ಯಾಂಕಿಗೆ ಕಳ್ಳರು ನುಗ್ಗಿದರು. ಸುಮಾರು 59 ಕೆ.ಜಿ. ಚಿನ್ನದ ಜೊತೆಗೆ ಆ ಪೆಟ್ಟಿಗೆಯನ್ನೂ ಹೊತ್ತೊಯ್ದರು. ಆದರೂ ಪೊಲೀಸರು ಬಿಡಲಿಲ್ಲ. ಮರುತಿಂಗಳೇ ಶಂಕಿತರನ್ನು ಹಿಡಿದರು.

ಪೆಟ್ಟಿಗೆಯ ಜಾಗ ತುಂಬಿದರೆ? ನೀವು ಪಾಟಿಯ ಮೇಲೆ ಹಳೇ ಲೆಕ್ಕ ಒರೆಸಿ ಹೊಸದು ಬರೆಯುವಂತೆ, ಅದೂ ಎಲ್ಲಕ್ಕಿಂತ ಹಳೆಯ ದಿನವನ್ನು ಅಳಿಸಿ ಇವತ್ತಿನದನ್ನು ಬರೆದುಕೊಳ್ಳುತ್ತದೆ. ಜನ ಹೆಚ್ಚು ಸೇರುವ ಜಾಗಗಳಲ್ಲಿ 30 ದಿನದ ದೃಶ್ಯ ಉಳಿಸಿಡಬೇಕೆಂದು ಕರ್ನಾಟಕದಲ್ಲಿ 2017ರ ಕಾಯ್ದೆಯೇ ಇದೆ.

ಅದಕ್ಕೇ ಮುದ್ದೇಬಿಹಾಳದಲ್ಲಿ ಬೈಕು ಕಳುವಾದರೂ ಅಕ್ಕಪಕ್ಕದ ಅಂಗಡಿಗಳ ಪೆಟ್ಟಿಗೆಗಳನ್ನು ಬೇಗ ನೋಡಬೇಕು. ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ: ಪೆಟ್ಟಿಗೆಯ ಗಡಿಯಾರ ಸರಿಯಿದೆಯೇ ಎಂದು ತಾಳೆ ನೋಡುವುದು. ಅದು ಹತ್ತು ನಿಮಿಷ ಹಿಂದಿದ್ದರೆ, ಕಳ್ಳ ಹೋದ ಹೊತ್ತಿಗೂ ಹತ್ತು ನಿಮಿಷ ಕೂಡಿಸಬೇಕು. ಕೂಡುವ ಲೆಕ್ಕ ನಿಮಗೆ ಬರುತ್ತದಲ್ಲ?