ಮೂಗಿನ ಪೀನಸ, ಎದೆಯ ಉಬ್ಬಸ
(ಮಹದೇವಪುರದಲ್ಲಿ ದಂಪತಿಗಳ ಸಭೆಯಲ್ಲಿ ನೀಡಿದ ಭಾಷಣ)



ಮೂಗು ಕಟ್ಟಿದರೆ ಒಬ್ಬ ವೈದ್ಯರು, ಉಬ್ಬಸ ಬಂದರೆ ಇನ್ನೊಬ್ಬ ವೈದ್ಯರು ಎಂದು ನಾವು ಕಾಯಿಲೆಗಳನ್ನು ಹಂಚಿಬಿಟ್ಟಿದ್ದೇವೆ. ದೇಹವು ಈ ಹಂಚಿಕೆಯನ್ನು ಒಪ್ಪುವುದಿಲ್ಲ. ಮೂಗಿನೊಳಗೂ ಶ್ವಾಸನಾಳದ ಕವಲುಗಳೊಳಗೂ ಬಹುಮಟ್ಟಿಗೆ ಒಂದೇ ಬಗೆಯ ಲೋಳೆಪೊರೆ ಹಾಸಿಕೊಂಡಿದೆ. ಒಂದೆಡೆ ಅದು ಕೆರಳಿದರೆ ಇನ್ನೊಂದೆಡೆಯೂ ಕೆರಳುವುದು ಸಹಜ.

ಕೆನ್ನೆಯ ಮೂಳೆಯಲ್ಲಿ, ಹಣೆಯಲ್ಲಿ, ಕಣ್ಣುಗಳ ನಡುವೆ ಗಾಳಿ ತುಂಬಿದ ಗೂಡುಗಳಿವೆ. ಇವೇ ಸೈನಸ್‌ಗಳು. ಇವುಗಳ ಬಾಯಿ ಊದಿ ಮುಚ್ಚಿಕೊಂಡರೆ ಲೋಳೆಯು ಒಳಗೇ ನಿಲ್ಲುತ್ತದೆ. ಮೂಗು ಕಟ್ಟುವುದು, ಕಫ ಗಂಟಲಿಗಿಳಿಯುವುದು, ಮುಖ ಭಾರವಾಗುವುದು, ಒಗ್ಗರಣೆಯ ವಾಸನೆಯೂ ತಿಳಿಯದಿರುವುದು 12 ವಾರಗಳನ್ನು ಮೀರಿದರೆ ಅದು ದೀರ್ಘಕಾಲದ ಸೈನಸ್ ರೋಗ. ಜನರ ಬಾಯಲ್ಲಿ ಪೀನಸ.

ಮೂಗಿನ ಕೀವು ಎದೆಗಿಳಿದು ಉಬ್ಬಸವಾಗುತ್ತದೆಂದು ಹಿಂದೆ ಹೇಳುತ್ತಿದ್ದರು. ಕಫ ಗಂಟಲಿಗಿಳಿದು ಕೆಮ್ಮು ತರುವುದು ನಿಜವೇ. ಆದರೆ ಮುಖ್ಯ ನಂಟು ಬೇರೆ. ಧೂಳು, ಪರಾಗಗಳಿಂದ ಮೂಗು ಕೆರಳಿದಾಗ ಉರಿಯೂತದ ಕಣಗಳು ರಕ್ತದ ಮೂಲಕ ಶ್ವಾಸನಾಳಕ್ಕೂ ತಲುಪುತ್ತವೆ. ಅಲ್ಲದೆ, ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ತೇವಗೊಳಿಸಿ ಒಳಬಿಡುವ ಕೆಲಸ ಮೂಗಿನದು. ಅದು ಕಟ್ಟಿದರೆ ನಾವು ಬಾಯಿಯಿಂದ ಉಸಿರಾಡುತ್ತೇವೆ. ತಣ್ಣನೆಯ ಧೂಳುಗಾಳಿ ನೇರವಾಗಿ ಎದೆಗೆ ಹೋಗುತ್ತದೆ. ಆದುದರಿಂದಲೇ ಉಬ್ಬಸವುಳ್ಳವರಲ್ಲಿ ಬಹುಪಾಲು ಜನರಿಗೆ ಮೂಗಿನ ತೊಂದರೆಯೂ ಇರುತ್ತದೆ. ಮೂಗಿನಲ್ಲಿ ದುರ್ಮಾಂಸ ಬೆಳೆದಿರುವ ಕೆಲವು ಉಬ್ಬಸ ರೋಗಿಗಳಿಗೆ ಆಸ್ಪಿರಿನ್‌ನಂಥ ನೋವಿನ ಮಾತ್ರೆ ನುಂಗಿದರೆ ಉಸಿರೇ ಕಟ್ಟುವುದುಂಟು. ಅಂಥವರು ಅಂಗಡಿಯಿಂದ ತಾವೇ ಮಾತ್ರೆ ತರಬಾರದು.

ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ವರ್ಷಗಟ್ಟಲೆ ಪರಿಶೀಲಿಸಿದರು. 1979ರಲ್ಲಿ ಅವರಲ್ಲಿ ಶೇಕಡ 9ರಷ್ಟು ಮಕ್ಕಳಿಗಿದ್ದ ಉಬ್ಬಸವು 1999ರಲ್ಲಿ ಶೇಕಡ 29.5ಕ್ಕೆ ಏರಿತ್ತು. ಮಹದೇವಪುರವನ್ನೇ ನೋಡಿ. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ ಈ ಪ್ರದೇಶದಲ್ಲಿ ರಾಗಿ ಹೊಲಗಳಿದ್ದ ಕಡೆ ಕಟ್ಟಡಗಳೆದ್ದಿವೆ. ಸಿಮೆಂಟಿನ ಧೂಳು, ಲಾರಿಗಳ ಹೊಗೆ ಬಿಟ್ಟಿಲ್ಲ. ಖಾಲಿ ನಿವೇಶನಗಳಲ್ಲಿ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಹೂ ಬಿಡುತ್ತದೆ. ಅದನ್ನು ಹೂ ಬಿಡುವ ಮೊದಲೇ, ಕೈಗೆ ಚೀಲ ಸುತ್ತಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೀಳಬೇಕು. ಉಬ್ಬಸವುಳ್ಳವರು ಈ ಕೆಲಸಕ್ಕಾಗಲಿ, ಕಣದಲ್ಲಿ ಹೊಟ್ಟು ತೂರುವುದಕ್ಕಾಗಲಿ ಹೋಗದಿರುವುದೇ ಮೇಲು.

ಮನೆಯೊಳಗಿನ ಹೊಗೆಯೂ ಕಡಿಮೆಯದಲ್ಲ. ಸೌದೆ ಒಲೆಯ ಮುಂದೆ ಕೂತು ಊದುವ ಗೃಹಿಣಿಗೆ ಒಂದು ಬೀಡಿಯನ್ನೂ ಸೇದದೆ ಶ್ವಾಸನಾಳ ಶಾಶ್ವತವಾಗಿ ಕಿರಿದಾಗಬಹುದು. ಯಜಮಾನರು ಜಗಲಿಯಲ್ಲಿ ಕೂತು ಸೇದಿದ ಬೀಡಿಯ ಹೊಗೆಯೂ ಒಳಗಿನ ತೊಟ್ಟಿಲನ್ನು ಮುಟ್ಟುತ್ತದೆ.

ಗರ್ಭಿಣಿಯರ ವಿಷಯವನ್ನು ದಂಪತಿಗಳಿಬ್ಬರೂ ಗಮನವಿಟ್ಟು ಕೇಳಬೇಕು. ಗರ್ಭ ನಿಂತಿತೆಂದು ತಿಳಿದೊಡನೆ ಸೊಸೆಯ ಇನ್‌ಹೇಲರನ್ನು ಅತ್ತೆಯವರು ತೆಗೆದಿಡುವುದುಂಟು. ಮಗುವಿಗೆ ಕೇಡಾದೀತೆಂಬ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ತಾಯಿಗೆ ಉಸಿರು ಸಾಲದಿದ್ದರೆ ಹೊಟ್ಟೆಯ ಮಗುವಿಗೂ ಪ್ರಾಣವಾಯು ಸಾಲದು. ಹತೋಟಿ ತಪ್ಪಿದ ಉಬ್ಬಸದಿಂದ ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಕೂಸು ಆಗುವ ಭಯವಿದೆ. ಇನ್‌ಹೇಲರಿನ ಔಷಧವು ಅಲ್ಪ ಪ್ರಮಾಣದ್ದು, ನೇರವಾಗಿ ಶ್ವಾಸನಾಳಕ್ಕೆ ತಲುಪುವಂಥದು. ಅದು ಚಟವೂ ಅಲ್ಲ, ಕಡೆಗಾಲದ ಮದ್ದೂ ಅಲ್ಲ. ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಕೂಡದು. ಸ್ಟೀರಾಯ್ಡ್ ಇನ್‌ಹೇಲರ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಅಂಗಡಿಯಲ್ಲಿ ಸಿಗುವ, ಕಟ್ಟಿದ ಮೂಗನ್ನು ಒಡನೆ ಬಿಡಿಸುವ ಹನಿಗಳನ್ನು ನಾಲ್ಕೈದು ದಿನ ಮೀರಿ ಹಾಕಬಾರದು. ಆಮೇಲೆ ಹನಿಯಿಲ್ಲದೆ ಮೂಗು ಬಿಡುವುದೇ ಇಲ್ಲ. ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಸಿಂಪಡಿಕೆ ಬೇರೆ. ಅದು ನಿಧಾನವಾಗಿ, ನಿತ್ಯ ಬಳಸಿದರೆ ಫಲ ಕೊಡುತ್ತದೆ. ಉಪ್ಪುನೀರಿನಿಂದ ಮೂಗು ತೊಳೆಯುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು.

ಕೆಮ್ಮೆಲ್ಲ ಪೀನಸದ್ದೂ ಅಲ್ಲ, ಉಬ್ಬಸದ್ದೂ ಅಲ್ಲ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಇವು ಕಂಡರೆ ಕ್ಷಯವಿರಬಹುದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆಯೂ ಕ್ಷಯದ ಔಷಧವೂ ಉಚಿತ. ಹೋಗುವಾಗ ಹಳೆಯ ಚೀಟಿ, ಮಾತ್ರೆಗಳನ್ನು ಜೊತೆಗೆ ಒಯ್ಯಿರಿ; ಮೂಗಿನ ತೊಂದರೆಯನ್ನೂ ಎದೆಯ ತೊಂದರೆಯನ್ನೂ ಒಬ್ಬರೇ ವೈದ್ಯರ ಮುಂದೆ ಹೇಳಿರಿ. ಆದರೆ ಮಾತು ಪೂರೈಸಲಾಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.