ಮನೆ ಕಟ್ಟುವ ಮುನ್ನ ಕೇಳಬೇಕಾದ ಮಾತು



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಒಂದು ಮನೆ ಕಟ್ಟುವುದೇ ಇಷ್ಟು ಕಷ್ಟವಾದರೆ ಒಂದು ಊರಿಗೆ ಊರನ್ನೇ ಹೊಸದಾಗಿ ಕಟ್ಟುವುದು ಇನ್ನೆಷ್ಟು ಕಷ್ಟವಿರಬೇಕು! ಜಾಗ ಬೇಕು, ಹಣ ಬೇಕು, ಎಂಜಿನಿಯರರು ಬೇಕು. ಇವೆಲ್ಲ ಒದಗಿ ಬಂದು ಮನೆಗಳು ಎದ್ದು ನಿಂತ ಮೇಲೂ ಜನ ವಾಸಕ್ಕೆ ಬಾರದೆ ಬಾಗಿಲು ಮುಚ್ಚಿಕೊಂಡೇ ಉಳಿದ ಉದಾಹರಣೆಗಳು ನಮ್ಮ ನಾಡಿನಲ್ಲಿವೆ. ಹಾಗೇಕಾಗುತ್ತದೆ? ಹಳ್ಳಿಯೊಂದಕ್ಕೆ ವಸತಿ ಯೋಜನೆ ಬರುವಾಗ ಆ ಊರಿನವರ ಅಭಿಪ್ರಾಯಕ್ಕೆ ಏನು ಬೆಲೆ? ಈ ಪ್ರಶ್ನೆಯನ್ನು ಸಿಂಧನೂರು ಸೀಮೆಯ ನೆಲದ ಮೇಲೆ ನಿಂತು ವಿಚಾರ ಮಾಡೋಣ.

ಮೊದಲು ನೆಲದ ಪರಿಚಯ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ದಢೇಸುಗೂರಿನ ಸೇತುವೆ ದಾಟಿದರೆ ಸಿರುಗುಪ್ಪದ ಸೀಮೆ. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ ಎಡದಂಡೆ ಕಾಲುವೆಯ ನೀರು ಬಂದ ಮೇಲೆ, ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಬಹಳಷ್ಟು ಭತ್ತದ ಗದ್ದೆಗಳಾದವು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಇಲ್ಲಿ ಜಮೀನು ಕೊಂಡು ಹೊಲದ ಮಗ್ಗುಲಲ್ಲೇ ಮನೆ ಹಾಕಿದರು. ಅವೇ ಈ ಭಾಗದ ‘ಕ್ಯಾಂಪ್’ಗಳು. ಪೂರ್ವ ಪಾಕಿಸ್ತಾನದಿಂದ ನೆಲೆ ತಪ್ಪಿ ಬಂದ ಬಂಗಾಳಿ ಕುಟುಂಬಗಳಿಗೂ ಇದೇ ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪ್‌ಗಳಾದವು. ಹೊಸ ಊರು ಏಳುವುದು ಸಿಂಧನೂರಿಗೆ ಹೊಸ ಸಂಗತಿಯೇನಲ್ಲ. ಆದರೆ ಒಂದು ಅಂಶವನ್ನು ಗಮನಿಸಿ. ಕಾಲುವೆಯ ಕ್ಯಾಂಪ್‌ಗಳು ಹೊಲವನ್ನು ನೋಡಿಕೊಂಡು ಹುಟ್ಟಿದವು. ದುಡಿಮೆ ಎಲ್ಲಿ ಎಂಬುದು ಮೊದಲು ತೀರ್ಮಾನವಾಯಿತು, ಮನೆ ಎಲ್ಲಿ ಎಂಬುದು ಆಮೇಲೆ.

ಈಗ 2009ಕ್ಕೆ ಬರೋಣ. ಆ ವರ್ಷ ಮುಂಗಾರು ಕೈಕೊಟ್ಟು ಉತ್ತರ ಕರ್ನಾಟಕದಲ್ಲಿ ಬರದ ಮಾತು ನಡೆದಿತ್ತು. ಅಷ್ಟರಲ್ಲಿ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಹಗಲೂ ರಾತ್ರಿ ಮಳೆ ಸುರಿಯಿತು. ಕೃಷ್ಣೆ, ಭೀಮೆ, ಮಲಪ್ರಭೆ, ತುಂಗಭದ್ರೆಯರು ದಂಡೆ ಮೀರಿದರು. ಮಂತ್ರಾಲಯದ ಮಠದೊಳಗೆ ನೀರು ನುಗ್ಗಿತು. ಕೆಳಗಿನ ಕರ್ನೂಲು ನಗರ ಮುಳುಗಿತು. ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮಣ್ಣಿನ ಮಾಳಿಗೆಯ ಮನೆಗಳು ನೆನೆದು ಕುಸಿದವು. ತೀವ್ರವಾಗಿ ನೊಂದ ಜಿಲ್ಲೆಗಳಲ್ಲಿ ರಾಯಚೂರು ಒಂದು.

ಇಂಥ ಊರುಗಳಲ್ಲಿ ಕೆಲವನ್ನು ನದಿಯಿಂದ ದೂರದ ಎತ್ತರದ ಜಾಗಕ್ಕೆ ಸ್ಥಳಾಂತರಿಸಿ ಮನೆ ಕಟ್ಟಿಕೊಡಲು ರಾಜ್ಯ ಸರ್ಕಾರ ‘ಆಸರೆ’ ಎಂಬ ಯೋಜನೆ ರೂಪಿಸಿತು. ಕಂಪನಿಗಳು, ಮಠಗಳು, ಸೇವಾಸಂಸ್ಥೆಗಳು ಕೈಜೋಡಿಸಿದವು. ಉದ್ದೇಶ ಒಳ್ಳೆಯದೇ. ಹಲವು ಕುಟುಂಬಗಳಿಗೆ ಅದರಿಂದ ನೆಲೆಯೂ ಸಿಕ್ಕಿತು. ಆದರೆ ಹಲವೆಡೆ ಮನೆಗಳು ವರ್ಷಗಟ್ಟಲೆ ಖಾಲಿ ಉಳಿದವು. ಕಿಟಕಿ ಬಾಗಿಲು ಕಳುವಾದವು, ಜಾಲಿ ಬೆಳೆಯಿತು. ನದಿ ಮತ್ತೆ ಉಕ್ಕಿದಾಗ ಜನ ಹಳೆಯ ಊರಿನಲ್ಲೇ ಇದ್ದರು. ಖರ್ಚೂ ಆಯಿತು, ಅಪಾಯವೂ ತಪ್ಪಲಿಲ್ಲ. ಹಾಗಾದರೆ ಜನ ಹಟಮಾರಿಗಳೇ? ಪುಕ್ಕಟೆ ಮನೆ ಕೊಟ್ಟರೂ ಬಾರದವರನ್ನು ಏನೆನ್ನಬೇಕು? ಪಟ್ಟಣದಲ್ಲಿ ಕುಳಿತವರಿಗೆ ಹೀಗೆ ಅನ್ನಿಸುವುದು ಸುಲಭ. ಬೇಡವೆನ್ನುವವರ ಕಾರಣಗಳನ್ನು ಒಂದೊಂದಾಗಿ ತೂಗಿ ನೋಡೋಣ.

ಮೊದಲನೆಯದು ದೂರ. ಒಂದು ಲೆಕ್ಕ ಮಾಡಿ. ಹೊಸ ಊರು ಹೊಲದಿಂದ ಮೊದಲಿಗಿಂತ ಎರಡು ಕಿಲೋಮೀಟರ್ ಹೆಚ್ಚು ದೂರವಾಯಿತು ಎನ್ನೋಣ. ಹೋಗಿ ಬರಲು ದಿನಕ್ಕೆ ನಾಲ್ಕು ಕಿಲೋಮೀಟರ್, ಅಂದರೆ ಒಂದು ಗಂಟೆಯ ನಡಿಗೆ. ವರ್ಷಕ್ಕೆ 200 ದಿನ ಹೊಲದ ಕೆಲಸವೆಂದರೆ 200 ಗಂಟೆ. ಎಂಟು ಗಂಟೆಯ ದುಡಿಮೆಗೆ ಒಂದು ಕೂಲಿಯೆಂದು ಹಿಡಿದರೆ 25 ದಿನದ ಕೂಲಿ ಬರೀ ನಡಿಗೆಯಲ್ಲಿ ಕರಗಿತು. ತಲೆಯ ಮೇಲೆ ಮೇವಿನ ಹೊರೆ ಇದ್ದರೆ ಆ ನಡಿಗೆಯ ಭಾರ ಇನ್ನೂ ಹೆಚ್ಚು.

ಎರಡನೆಯದು ಜಾಗ. ರೈತನ ಮನೆಯೆಂದರೆ ನಾಲ್ಕು ಗೋಡೆಗಳಷ್ಟೇ ಅಲ್ಲ. ದನದ ಕೊಟ್ಟಿಗೆ, ಮೇವಿನ ಬಣವೆ, ತಿಪ್ಪೆ, ಕಾಳು ಹಸನು ಮಾಡುವ ಅಂಗಳ, ಬಂಡಿ ನಿಲ್ಲುವ ಬಯಲು ಎಲ್ಲ ಸೇರಿ ಒಂದು ಮನೆ. ಒಂದು ಅಡುಗೆಮನೆ, ಒಂದು ಕೋಣೆಯ ನಕ್ಷೆ ತೋರಿಸಿದಾಗ ‘ಎತ್ತು ಎಲ್ಲಿ ಕಟ್ಟಬೇಕ್ರೀ?’ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರವಿಲ್ಲದಿದ್ದರೆ ಎತ್ತು ಇದ್ದಲ್ಲೇ ಉಳಿಯುತ್ತದೆ, ಎತ್ತಿನ ಜೊತೆ ಮನುಷ್ಯನೂ ಉಳಿಯುತ್ತಾನೆ.

ಮೂರನೆಯದು ಮಣ್ಣು. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜವಿರುತ್ತದೆ. ಅದರ ರಚನೆ ಪುಸ್ತಕದ ಹಾಳೆಗಳಂತೆ ಪದರ ಪದರ. ಮಳೆಗಾಲದಲ್ಲಿ ಪದರಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ಇಳಿಯುವಷ್ಟು ಅಗಲ ಬಿರಿಯುತ್ತದೆ. ಅದರ ಮೇಲೆ ಆಳವಿಲ್ಲದ ಅಡಿಪಾಯ ಹಾಕಿದರೆ ಗೋಡೆ ವರ್ಷ ವರ್ಷವೂ ಮೇಲೆ ಕೆಳಗೆ ಜಗ್ಗಾಡಿ ಸೀಳುತ್ತದೆ. ಎರೆಯನ್ನು ತೆಗೆದು ಗರಸು ತುಂಬಬೇಕು, ಇಲ್ಲವೇ ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕು. ಕಾಲುವೆಯ ಕೆಳಗಿನ ಜಮೀನಾದರೆ ಬಸಿನೀರಿನಿಂದ ನೆಲ ಸವಳಾಗುವ ತೊಂದರೆಯೂ ಉಂಟು. ಯಾವ ಜಾಗದಲ್ಲಿ ಗರಸು ಮೇಲೆಯೇ ಸಿಗುತ್ತದೆ, ಎಲ್ಲಿ ನೀರು ನಿಂತು ಹದಿನೈದು ದಿನ ಇಂಗುವುದಿಲ್ಲ ಎಂಬುದು ಅಲ್ಲಿ ಉಳುಮೆ ಮಾಡಿದವನಿಗೆ ಗೊತ್ತು.

ನಾಲ್ಕನೆಯದು ಸೆಕೆ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ದಪ್ಪ ಮಣ್ಣಿನ ಮಾಳಿಗೆಯೊಳಗೆ ಹೊರಗಿನ ಬಿಸಿ ಇಳಿಯಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ಹೊರಗೆ ತಂಪಾಗಿರುತ್ತದೆ. ತೆಳುವಾದ ಕಾಂಕ್ರೀಟ್ ಸ್ಲ್ಯಾಬು ಮಧ್ಯಾಹ್ನವೇ ಕಾದು ರಾತ್ರಿಯೆಲ್ಲ ಒಳಗೆ ಶಾಖ ಸುರಿಯುತ್ತದೆ. ಮಾಳಿಗೆ ಮಳೆಗೆ ಸೋಲುತ್ತದೆ, ಸ್ಲ್ಯಾಬು ಬಿಸಿಲಿಗೆ ಸೋಲುತ್ತದೆ. ಎರಡನ್ನೂ ಅನುಭವಿಸಿದವರನ್ನು ಕೇಳದೆ ಉತ್ತರ ಹುಡುಕುವುದು ಹೇಗೆ?

ಇಷ್ಟು ಕೇಳಿದ ಮೇಲೆ ‘ಊರಿನವರು ಬೇಡವೆಂದರೆ ಬೇಡ, ಬಿಟ್ಟುಬಿಡೋಣ’ ಎಂದು ನೀವು ಹೇಳಬಹುದು. ಅವಸರ ಮಾಡಬೇಡಿ. ಊರು ಎಂಬುದು ಒಂದೇ ಬಾಯಿ ಅಲ್ಲ. ನದಿದಂಡೆಯ ಫಲವತ್ತಾದ ಹೊಲದ ಒಡೆಯನಿಗೆ ಊರು ಸರಿಯುವುದು ಬೇಡವಿರಬಹುದು. ಅವನ ಮನೆ ಊರಿನ ಎತ್ತರದ ಭಾಗದಲ್ಲಿದೆ. ತಗ್ಗಿನ ಕೇರಿಯಲ್ಲಿರುವ ಕೂಲಿಯವನ ಮನೆಗೆ ನೀರು ಮೊದಲು ನುಗ್ಗುತ್ತದೆ. ಅವನಿಗೆ ಸ್ವಂತದ್ದೆನ್ನಲು ಒಂದು ಗುಂಟೆ ಜಾಗವೂ ಇಲ್ಲ. ಹಕ್ಕುಪತ್ರದೊಡನೆ ಬರುವ ಚಿಕ್ಕ ಮನೆಯೂ ಅವನ ಬದುಕಿನಲ್ಲಿ ದೊಡ್ಡ ಸಂಗತಿ. ನೀರು ಹೊರುವ ಹೆಣ್ಣುಮಗಳು ನಲ್ಲಿ ಎಷ್ಟು ಹತ್ತಿರ ಎಂದು ಕೇಳುತ್ತಾಳೆ. ಕಾಲೇಜಿಗೆ ಹೋಗುವ ಹುಡುಗಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳುತ್ತಾಳೆ. ಮುದುಕರಿಗೆ ಗುಡಿ, ಕಟ್ಟೆ, ಮಣ್ಣಾದ ಹಿರಿಯರ ನೆನಪು. ಇವರೆಲ್ಲರ ಮಾತೂ ಸೇರಿದರೆ ಮಾತ್ರ ಅದು ಊರಿನ ಅಭಿಪ್ರಾಯ.

ದೂರದರ್ಶನದ ಕೆಲಸದಲ್ಲಿ ಹಳ್ಳಿಗಳಿಗೆ ಕ್ಯಾಮೆರಾ ಒಯ್ಯುವ ನಮಗೆ ಇದು ಪ್ರತಿ ಸಲವೂ ಕಾಣುತ್ತದೆ. ಮೈಕು ಕಂಡ ಕೂಡಲೇ ಕಟ್ಟೆಯ ಮೇಲಿನ ನಾಲ್ಕು ಜನ ಗಂಡಸರು ಮುಂದೆ ಬರುತ್ತಾರೆ. ‘ಊರವರೆಲ್ಲರ ಪರವಾಗಿ ಹೇಳ್ತೀವ್ರಿ’ ಎನ್ನುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ಊರನ್ನೂ ಹೇಳುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತವರ ಮಾತು ಬೇಕಿದ್ದರೆ ಮೈಕು ಬಾಗಿಲವರೆಗೆ ಹೋಗಬೇಕು. ಸರ್ವೆ ಮಾಡುವ ಅಧಿಕಾರಿಗೂ ಇದೇ ಮಾತು ಅನ್ವಯಿಸುತ್ತದೆ.

ಇದು ನಮ್ಮಲ್ಲಿ ಮಾತ್ರ ಕಂಡ ತೊಡಕಲ್ಲ. ಈಜಿಪ್ಟಿನಲ್ಲಿ ಹಸನ್ ಫಾತಿ ಎಂಬ ಹೆಸರಾಂತ ವಾಸ್ತುಶಿಲ್ಪಿ 1940ರ ದಶಕದಲ್ಲಿ ಲಕ್ಸರ್ ಬಳಿ ‘ಹೊಸ ಗುರ್ನಾ’ ಎಂಬ ಊರನ್ನು ಕಟ್ಟತೊಡಗಿದರು. ಹಳೆಯ ಗುರ್ನಾದ ಜನ ಪ್ರಾಚೀನ ಸಮಾಧಿಗಳ ಮೇಲೆಯೇ ವಾಸವಾಗಿದ್ದುದರಿಂದ ಸರ್ಕಾರ ಅವರನ್ನು ಅಲ್ಲಿಂದ ಎಬ್ಬಿಸಲು ಬಯಸಿತ್ತು. ಫಾತಿ ಸ್ಥಳೀಯ ಮಣ್ಣಿನ ಇಟ್ಟಿಗೆ ಬಳಸಿದರು, ತಂಪಾದ ಸುಂದರವಾದ ಮನೆಗಳನ್ನು ರೂಪಿಸಿದರು. ಆದರೂ ಬಹುಪಾಲು ಜನ ಹೋಗಲಿಲ್ಲ, ಊರು ಅರ್ಧಕ್ಕೇ ನಿಂತಿತು. ಅವರ ಜೀವನೋಪಾಯ ಆ ಸಮಾಧಿಗಳಿಗೆ, ಅಲ್ಲಿಗೆ ಬರುವ ಪ್ರವಾಸಿಗರಿಗೆ ಅಂಟಿಕೊಂಡಿತ್ತು. ಮನೆ ಎಷ್ಟೇ ಚೆನ್ನಾಗಿದ್ದರೂ ಹೊಟ್ಟೆಪಾಡು ಹಿಂದೆ ಉಳಿದರೆ ಜನ ಮುಂದೆ ಹೋಗಲಾರರು.

ನಮ್ಮ ಗಡಿಯಾಚೆಗೇ ಇನ್ನೊಂದು ಪಾಠವಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತ ಭೂಕಂಪವಾಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೇ ಮಲಗಿದವರ ಮೇಲೆ ಬಿದ್ದವು. ಪೂರ್ತಿ ಹಾಳಾದ ಐವತ್ತರಷ್ಟು ಹಳ್ಳಿಗಳನ್ನು ಬೇರೆ ಜಾಗದಲ್ಲಿ, ನೇರ ಬೀದಿಗಳ ನಕ್ಷೆಯಲ್ಲಿ ಕಟ್ಟಿದರು. ಕಡಿಮೆ ಹಾನಿಯಾದ ನೂರಾರು ಹಳ್ಳಿಗಳಲ್ಲಿ ಇನ್ನೊಂದು ದಾರಿ ಹಿಡಿದರು. ಅಲ್ಲಿ ಜನರೇ ಇದ್ದ ಮನೆಯನ್ನು ದುರಸ್ತಿ ಮಾಡಿ ಬಲಪಡಿಸಿಕೊಂಡರು. ಸರ್ಕಾರಕ್ಕೂ ಮನೆಯವರಿಗೂ ನಡುವೆ ಮಾತು ಮುಟ್ಟಿಸಲು ಹಳ್ಳಿಯ ಹೆಣ್ಣುಮಕ್ಕಳನ್ನೇ ‘ಸಂವಾದ ಸಹಾಯಕ’ರನ್ನಾಗಿ ನೇಮಿಸಿದರು. ಕಂಬಿ ಎಲ್ಲಿ ಬರಬೇಕು, ಗೋಡೆಯ ಮೂಲೆ ಹೇಗೆ ಕಟ್ಟಬೇಕು ಎಂಬುದನ್ನು ಅವರು ಕಲಿತು ಮನೆಮನೆಗೆ ಕಲಿಸಿದರು. ಊರಿನವರನ್ನು ಕೇಳುವುದರಿಂದ ಕೆಲಸ ನಿಲ್ಲುತ್ತದೆ ಎಂಬ ಭಯಕ್ಕೆ ಇದು ಉತ್ತರ.

ಇನ್ನು ಕಾನೂನು ಏನು ಹೇಳುತ್ತದೆ? ಅಬ್ದುಲ್ ನಜೀರ್ ಸಾಬರು ಸಚಿವರಾಗಿದ್ದಾಗ ಬಂದ 1983ರ ಕರ್ನಾಟಕದ ಪಂಚಾಯತಿ ಕಾಯಿದೆಯಲ್ಲೇ ಗ್ರಾಮಸಭೆಗೆ ಸ್ಥಾನವಿತ್ತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ನಮ್ಮ ರಾಜ್ಯದಲ್ಲಿ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸರ್ಕಾರಿ ವಸತಿ ಯೋಜನೆಗಳ ಫಲಾನುಭವಿಗಳ ಆಯ್ಕೆಯೂ ಅಲ್ಲಿ ಆಗಬೇಕು. 2013ರ ಕೇಂದ್ರ ಭೂಸ್ವಾಧೀನ ಕಾಯಿದೆ ಸಾಮಾಜಿಕ ಪರಿಣಾಮದ ಅಧ್ಯಯನ, ಸಾರ್ವಜನಿಕ ಅಹವಾಲು ಎಂಬ ಹೆಜ್ಜೆಗಳನ್ನು ತಂದಿತು. ಕೆಲವು ಬಗೆಯ ಯೋಜನೆಗಳಿಗೆ ಅದರಿಂದ ವಿನಾಯಿತಿಯೂ ಉಂಟು. ಹೀಗಾಗಿ ಕಾಗದದ ಮೇಲೆ ಅವಕಾಶವಿದೆ, ಅದನ್ನು ಬಳಸುವವರು ಬೇಕು. ಹತ್ತು ಜನ ಸಹಿ ಹಾಕಿ ಚಹಾ ಕುಡಿದು ಎದ್ದರೆ ಅದು ಸಭೆಯಾಗದು.

ಇಲ್ಲಿಯೇ ನಿಮ್ಮ ಕೆಲಸ ಇರುವುದು. ನಿಮ್ಮ ಊರಿಗಾಗಲಿ, ಪಕ್ಕದ ಊರಿಗಾಗಲಿ ಬಡಾವಣೆಯ ಪ್ರಸ್ತಾಪ ಬಂದಿದ್ದರೆ ನಾಲ್ಕಾರು ಗೆಳೆಯರು ಸೇರಿ ಒಂದು ಚಿಕ್ಕ ಅಧ್ಯಯನ ಮಾಡಿ. ಪ್ರತಿ ಕೇರಿಯಿಂದ ಐದೈದು ಮನೆ ಆರಿಸಿಕೊಳ್ಳಿ. ಪ್ರತಿ ಮನೆಯಲ್ಲೂ ಒಬ್ಬ ಗಂಡಸನ್ನು, ಒಬ್ಬ ಹೆಂಗಸನ್ನು ಬೇರೆ ಬೇರೆಯಾಗಿ ಕೇಳಿ. ‘ಬೇಕೇ, ಬೇಡವೇ’ ಎಂದಷ್ಟೇ ಕೇಳಬೇಡಿ. ಹೌದು ಎಂಬುದಕ್ಕೂ ಅಲ್ಲ ಎಂಬುದಕ್ಕೂ ಕಾರಣ ಬರೆದುಕೊಳ್ಳಿ. ಹಳೆಯ ಪ್ರವಾಹದ ನೀರು ಗೋಡೆಯ ಮೇಲೆ ಎಲ್ಲಿಯವರೆಗೆ ಬಂದಿತ್ತು ಎಂದು ಹಿರಿಯರಿಂದ ತೋರಿಸಿಕೊಂಡು ಟೇಪಿನಿಂದ ಅಳೆಯಿರಿ. ಹೊಸ ಜಾಗದಿಂದ ಹೊಲಕ್ಕೆ, ಶಾಲೆಗೆ, ಬಸ್ಸಿಗೆ ನಡೆದು ನೋಡಿ ಗಡಿಯಾರ ಹಿಡಿಯಿರಿ.

ವಿಜ್ಞಾನದ ವಿದ್ಯಾರ್ಥಿಗಳು ಮಣ್ಣನ್ನೂ ಕೇಳಬಹುದು. ಪ್ರಸ್ತಾಪಿತ ಜಾಗದ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ನುಣ್ಣಗೆ ಜರಡಿ ಹಿಡಿಯಿರಿ. ಅಳತೆಯ ಎರಡು ಜಾಡಿಗಳಲ್ಲಿ ಹತ್ತು ಹತ್ತು ಗ್ರಾಂ ಹಾಕಿ. ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ನೀರಿನಲ್ಲಿರುವ ಮಣ್ಣಿನ ಗಾತ್ರ ಸೀಮೆಎಣ್ಣೆಯಲ್ಲಿರುವುದಕ್ಕಿಂತ ಶೇಕಡಾ 50ಕ್ಕೂ ಹೆಚ್ಚಾಗಿದ್ದರೆ ಆ ನೆಲದ ಅಡಿಪಾಯಕ್ಕೆ ವಿಶೇಷ ಎಚ್ಚರಿಕೆ ಬೇಕು. ಈ ಒಂದು ಅಂಕಿಯನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿದರೆ ಎಂಜಿನಿಯರರೂ ಕೇಳಿಸಿಕೊಳ್ಳುತ್ತಾರೆ. ನಿಮಗೆ ಹದಿನೆಂಟು ತುಂಬಿರದಿದ್ದರೆ ಅಪ್ಪನ ಅಥವಾ ಅವ್ವನ ಕೈಯಲ್ಲಿ ಆ ಹಾಳೆ ಕೊಟ್ಟು ಕಳಿಸಿ.

ಮಿತ್ರರೇ, ನದಿ ಪಾತ್ರದ ಊರಿನ ಪ್ರಶ್ನೆ ಮುಗಿದ ಕತೆಯಲ್ಲ. ಮಳೆಯ ಲೆಕ್ಕ ತಪ್ಪುತ್ತಿರುವ ಈ ಕಾಲದಲ್ಲಿ ಊರು ಸರಿಸುವ ಪ್ರಸ್ತಾಪಗಳು ಮತ್ತೆ ಬರುತ್ತವೆ. ಆಗ ಬಡವನಿಗೆ ಎರಡು ಅಪಾಯ: ಕೇಳದೆ ಕಟ್ಟಿದ ಮನೆ ಖಾಲಿ ಉಳಿಯುವುದು ಒಂದು, ಗಟ್ಟಿಯಾಗಿ ಮಾತಾಡುವವರ ‘ಬೇಡ’ಕ್ಕೆ ಸಿಕ್ಕಿ ಅವನು ತಗ್ಗಿನಲ್ಲೇ ಉಳಿಯುವುದು ಇನ್ನೊಂದು. ಎರಡರಿಂದಲೂ ಪಾರಾಗಲು ಗುದ್ದಲಿ ಪೂಜೆಗೆ ಮೊದಲೇ, ಎಲ್ಲ ಕೇರಿಯವರನ್ನೂ ಕೇಳಬೇಕು. ಕೇಳಿದ್ದನ್ನು ಬರೆದಿಡಬೇಕು. ಬರೆದದ್ದನ್ನು ನಕ್ಷೆಯಲ್ಲಿ ತೋರಿಸಿ ಎಂದು ಕೇಳುವ ಧೈರ್ಯ ನಿಮ್ಮ ಪೀಳಿಗೆಗೆ ಬರಬೇಕು.