ವ್ಯರ್ಥ ಹೋಗುವ ಬಿಸಿ: ಕರೆಂಟಿಗೋ, ಬಿಸಿನೀರಿಗೋ?

(ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳ ಹಾಲು ಉತ್ಪಾದಕರ ಸಂಘಗಳ ಸದಸ್ಯರು ಹಾಗೂ ಕಾರ್ಯದರ್ಶಿಗಳಿಗೆ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಬಲ್ಕ್ ಮಿಲ್ಕ್ ಕೂಲರ್ ಇರುವ ಸಂಘದ ಕಟ್ಟಡದ ಹಿಂದೆ ನಿಂತು ನೋಡಿ. ಫ್ಯಾನಿನ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತದೆ. ಆ ಬಿಸಿ ಬಹುಪಾಲು ತಮ್ಮ ಹಸು, ಎಮ್ಮೆಗಳದ್ದೇ. ಹಸುವಿನ ಮೈಬಿಸಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಕರೆದ ಹಾಲು ಸಂಘಕ್ಕೆ ಬರುವಾಗ 35 ಡಿಗ್ರಿ ಸೆಲ್ಸಿಯಸ್ ಇದೆ ಎನ್ನೋಣ. 1000 ಲೀಟರ್ ಹಾಲನ್ನು 4 ಡಿಗ್ರಿಗೆ ಇಳಿಸಿದರೆ ಸುಮಾರು 35 ಯೂನಿಟ್‌ನಷ್ಟು ಶಾಖ ಹೊರಬರುತ್ತದೆ. ಕಂಪ್ರೆಸರ್ ಬಳಸಿದ ಕರೆಂಟಿನ ಶಾಖವೂ ಸೇರಿದರೆ ಸುಮಾರು 45 ಯೂನಿಟ್. ಅದೆಲ್ಲ ಗಾಳಿಗೆ ಹೋಗುತ್ತದೆ.

‘ಈ ಬಿಸಿಯಿಂದಲೇ ಕರೆಂಟು ತಯಾರಿಸಬಾರದೇಕೆ?’ ಎಂಬುದು ಒಳ್ಳೆಯ ಪ್ರಶ್ನೆ. ದಾರಿಯೂ ಇದೆ. ಎರಡು ಬೇರೆ ಬೇರೆ ಲೋಹಗಳನ್ನು ಜೋಡಿಸಿ ಒಂದು ಬೆಸುಗೆಯನ್ನು ಕಾಯಿಸಿ, ಇನ್ನೊಂದನ್ನು ತಣ್ಣಗಿಟ್ಟಾಗ ಆಗುವ ಪರಿಣಾಮವನ್ನು ಜರ್ಮನಿಯ ಸೀಬೆಕ್ 1821ರಲ್ಲಿ ಕಂಡರು. ಇಂದು ಬಿಸ್ಮತ್ ಟೆಲ್ಯುರೈಡ್ ಎಂಬ ವಸ್ತುವಿನಿಂದ ಮಾಡಿದ ಬಿಸ್ಕತ್ತಿನಷ್ಟು ಬಿಲ್ಲೆಗಳು ಸಿಗುತ್ತವೆ. 1977ರಲ್ಲಿ ಹಾರಿಸಿದ ವಾಯೇಜರ್ ನೌಕೆಗಳಿಗೆ ಕರೆಂಟು ಕೊಟ್ಟದ್ದೂ ಇದೇ ತತ್ವ. ಅಲ್ಲಿ ಶಾಖ ಪ್ಲುಟೋನಿಯಂನದು.

ಆದರೆ ಈ ಬಿಲ್ಲೆಗೆ ಬೇಕಾದದ್ದು ಬರೀ ಬಿಸಿಯಲ್ಲ, ಎರಡು ಬದಿಗಳ ನಡುವಿನ ಅಂತರ. ಅಂತರ 200 ಡಿಗ್ರಿ ಇದ್ದರೂ ಶಾಖದಲ್ಲಿ ನೂರಕ್ಕೆ ಸುಮಾರು 5 ಪಾಲು ಮಾತ್ರ ಕರೆಂಟಾಗುತ್ತದೆ. ರೊಟ್ಟಿ ಬೇಯಿಸುವ ಒಲೆಗೆ ಒಂದು ಬಿಲ್ಲೆ ಹಚ್ಚಿ, ಇನ್ನೊಂದು ಬದಿಗೆ ನೀರು ಇಟ್ಟರೆ ಕೆಲವು ವಾಟ್ ಸಿಗಬಹುದು. ಎಲ್‌ಇಡಿ ದೀಪಕ್ಕೋ, ಮೊಬೈಲ್ ಚಾರ್ಜಿಗೋ ಸಾಕು. ನೀರು ಕುದಿಯತೊಡಗಿದರೆ ಅಂತರ ಇಳಿದು ಕರೆಂಟೂ ಇಳಿಯುತ್ತದೆ.

ಕೂಲರಿನ ಹಿಂದೆ ಈ ಅಂತರ 20 ಡಿಗ್ರಿ ಆಸುಪಾಸು. ನೂರಕ್ಕೆ ಒಂದು ಪಾಲು ಸಿಕ್ಕಿತೆಂದರೂ 45 ಯೂನಿಟ್ ಶಾಖದಿಂದ ಅರ್ಧ ಯೂನಿಟ್ ಕರೆಂಟೂ ಆಗದು. ಮೇಲಾಗಿ ಕಂಡೆನ್ಸರಿಗೆ ಬಿಲ್ಲೆಗಳನ್ನು ಅಡ್ಡವಿಟ್ಟರೆ ಶಾಖ ಹೊರಹೋಗುವುದು ಕಷ್ಟವಾಗಿ ಕಂಪ್ರೆಸರ್ ಹೆಚ್ಚು ಕರೆಂಟು ತಿನ್ನುತ್ತದೆ. ಗಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು! ಯಾರಾದರೂ ಇಂಥ ಯಂತ್ರ ಮಾರಲು ಬಂದರೆ ಈ ಲೆಕ್ಕ ಕೇಳಿ.

ಹಾಗಾದರೆ ಬಿಸಿಯನ್ನು ಬಿಸಿಯಾಗಿಯೇ ಬಳಸಿ. ಕಂಪ್ರೆಸರ್ ಮತ್ತು ಕಂಡೆನ್ಸರ್ ನಡುವೆ ಶಾಖ ವಿನಿಮಯ ಸಾಧನ ಕೂಡಿಸಿ, ಶಾಖದ ಮೂರನೇ ಒಂದು ಪಾಲನ್ನು ಹಿಡಿದರೂ ಸುಮಾರು 500 ಲೀಟರ್ ನೀರು 25ರಿಂದ 50 ಡಿಗ್ರಿಗೆ ಏರುತ್ತದೆ. ಹೀಟರಿನಲ್ಲಿ ಕಾಯಿಸಿದರೆ ಇದಕ್ಕೆ 14 ಯೂನಿಟ್‌ಗೂ ಹೆಚ್ಚು ಬೇಕು.

ಈ ನೀರಿನ ಬೆಲೆ ಹಾಲಿನ ಗುಣಮಟ್ಟದಲ್ಲಿದೆ. ಸರಿಯಾಗಿ ತೊಳೆಯದ ಕ್ಯಾನಿನಲ್ಲಿ ಉಳಿದ ಸೂಕ್ಷ್ಮಜೀವಿಗಳು ಬೆಚ್ಚಗಿನ ಹಾಲಿನಲ್ಲಿ ಅರ್ಧ ಗಂಟೆಯೊಳಗೆ ಇಮ್ಮಡಿಯಾಗಬಲ್ಲವು. ಒಬ್ಬರ ಕ್ಯಾನು ಕೆಟ್ಟರೆ ಇಡೀ ಊರಿನ ಟ್ಯಾಂಕಿಗೆ ಕುತ್ತು.

ಇಷ್ಟನ್ನು ನೆನಪಿಡಿ:

1. ಕ್ಯಾನನ್ನು ಮೊದಲು ಉಗುರುಬೆಚ್ಚಗಿನ ನೀರಿನಿಂದ ತೊಳೆಯಿರಿ. ಮೊದಲೇ ಕುದಿನೀರು ಹಾಕಿದರೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ಅಂಟುತ್ತದೆ. ಆಮೇಲೆ ಬಿಸಿನೀರು ಮತ್ತು ಮಾರ್ಜಕದಿಂದ ಉಜ್ಜಿ, ಶುದ್ಧ ನೀರಿನಿಂದ ತೊಳೆದು, ಬೋರಲು ಹಾಕಿ ಒಣಗಿಸಿ.

2. ಕೂಲರ್ ಹಿಂದೆ ಪಶು ಆಹಾರದ ಚೀಲ, ಮೆಣಸಿನಕಾಯಿ ಚೀಲ ಒಟ್ಟಬೇಡಿ. ಕಂಡೆನ್ಸರಿನ ಧೂಳು ತೆಗೆಸಿ. ಖರ್ಚಿಲ್ಲದ ಉಳಿತಾಯ ಇದೇ.

3. ಗ್ಯಾಸ್ ಕೊಳವೆಗೆ ತಾವಾಗಿ ಕೈ ಹಾಕಬೇಡಿ. ಆಡಳಿತ ಮಂಡಳಿಯಲ್ಲಿ ಚರ್ಚಿಸಿ, ಒಕ್ಕೂಟದ ತಾಂತ್ರಿಕ ಸಿಬ್ಬಂದಿಯ ಸಲಹೆ ಪಡೆದೇ ಮುಂದುವರಿಯಿರಿ.

ಹಾಲಿನಿಂದ ತೆಗೆದ ಬಿಸಿ ಹಾಲಿನ ಪಾತ್ರೆಯನ್ನೇ ತೊಳೆಯಲಿ. ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲೆಂದು ಕೋರಿ, ನನ್ನ ಮಾತು ಮುಗಿಸುತ್ತೇನೆ.